ಒಂಬತ್ತು ಕೈ ನಿಂತ ದಿನ

ನವೆಂಬರ್ 9, ಭಾನುವಾರ. ಬೆಳಿಗ್ಗೆ ಹತ್ತೂ ಹತ್ತು.

ಒಂಬತ್ತು ಎಂದು ಬರೆಯಬೇಕಾದ ಕಡೆ ನಾನು ಸೊನ್ನೆ ಬರೆದೆ. ಆರು ವರ್ಷದಿಂದ ಅದನ್ನು ಮುಚ್ಚಿಟ್ಟಿದ್ದೇನೆ. ಎಣಿಕೆ ತಪ್ಪಿದ್ದಲ್ಲ — ಎರಡು ಸಲ ಎಣಿಸಿದ್ದೆ.

ನೀಲಕ್ಕ ಹಿರೇಹಡಗಲಿಯವರು. ಹದಿನೈದು ವರ್ಷ ಟಿವಿಯಲ್ಲಿ ನಟಿಸಿದರು. ನನ್ನ ದಿನಚರಿಯಲ್ಲಿ ಲೆಕ್ಕವಿದೆ: ಏಳು ಧಾರಾವಾಹಿ, ಆರರಲ್ಲಿ ಅತ್ತೆ, ಒಂದರಲ್ಲಿ ಅತ್ತೆಯ ಅಕ್ಕ. ಆಮೇಲೆ ನಟನೆ ಬಿಟ್ಟು ಚಿತ್ರಕಥೆ ಬರೆಯಲು ಕೂತರು. ಹಗರಿಬೊಮ್ಮನಹಳ್ಳಿಯ ನಮ್ಮ ಓಣಿಯಲ್ಲೇ ಮನೆ ಮಾಡಿದರು. "ಆರು ಸೊಸಿಯಂದಿರ್ನ ಅಳಿಸೀನಿ. ಯಾಕ ಅಂತ ಒಬ್ರೂ ನನಗ ಹೇಳ್ಲಿಲ್ಲ. ಬರದಾದ್ರೂ ತಿಳ್ಕೋಬೇಕು" ಎಂದು ಅವ್ವನಿಗೆ ಹೇಳಿದ್ದರು.

ಅವರು ಬರೆಯುವ ರೀತಿಗೆ ನಾನು ಬೆರಗಾಗಿದ್ದೆ — ಇವತ್ತಿಗೂ. ಬಿತ್ತನೆಗೆ ಮುಂಚೆ ಓಣಿಯ ಹೆಂಗಸರು, ಅವ್ವನೂ ಸೇರಿ ಒಂಬತ್ತು ಜನ, ನಮ್ಮ ಪಡಸಾಲೆಯಲ್ಲಿ ಕೂತು ಬೀಜದ ಶೇಂಗಾ ಸುಲಿಯುತ್ತಿದ್ದರು. ನೀಲಕ್ಕ ಬಂದು, ಗೋಡೆಗೆ ಮುಖ ಮಾಡಿ ಕೂತು, ಹೊಸ ದೃಶ್ಯವನ್ನು ಏರಿಳಿತವಿಲ್ಲದೆ ಸಪ್ಪಗೆ ಓದುತ್ತಿದ್ದರು.

"ಗ್ವಾಡಿಗ್ಯಾಕ ಕತಿ ಹೇಳ್ತಿಯವಾ, ಅದೇನು ಹ್ಞೂಂ ಅಂತೈತೇನು?" ಎಂದು ಎಲ್ಲರಿಗಿಂತ ಹಿರಿಯಳಾದ ಗಂಗಮ್ಮ ಕೆಣಕಿದಳು.

"ನಿಮ್ಮ ಮುಖ ಕಂಡ್ರ ನಟನಾ ಮಾಡಿಬಿಡ್ತೀನವ್ವ. ನಟನಾ ಮಾಡಿದ್ರ ಕೆಟ್ಟ ಬರವಣಿಗಿನೂ ಚಲೋ ಕೇಳಸ್ತೈತಿ."

ಹಾಗಾಗಿ ನೋಡುವ ಕೆಲಸ ನನ್ನದಾಯಿತು. ಯಾವ ಮಾತಿಗೆ ಎಷ್ಟು ಜನರ ಕೈ ಸುಲಿಯುವುದನ್ನು ಮರೆತು ನಿಲ್ಲುತ್ತದೆ — ಅದನ್ನು ದಿನಚರಿಯಲ್ಲಿ ಬರೆದಿಟ್ಟು, ಚೀಟಿಯಲ್ಲೂ ಬರೆದುಕೊಡಬೇಕು. ಕೈ ನಿಂತರೆ ದೃಶ್ಯ ಉಳಿಯಿತು. ಸೊನ್ನೆ ಬಂದರೆ ಹಾಳೆ ನೀರೊಲೆಗೆ. ಇಪ್ಪತ್ತಮೂರು ದೃಶ್ಯಗಳಿಗೆ ಸರಿಯಾಗಿ ಬರೆದುಕೊಟ್ಟೆ.

ಇಪ್ಪತ್ತನಾಲ್ಕನೆಯದು — ಒಬ್ಬ ಹೆಂಗಸು ಮನೆಯಲ್ಲಿ ಸಂತೆಗೆಂದು ಹೇಳಿ ರೈಲು ಹತ್ತುತ್ತಾಳೆ. ಕೊಟ್ಟೂರಿನಲ್ಲಿ ಇಳಿಯುತ್ತಾಳೆ. ಯಾರನ್ನೂ ಕಾಣುವುದಿಲ್ಲ, ಏನೂ ಕೊಳ್ಳುವುದಿಲ್ಲ. ನಿಲ್ದಾಣದ ಬೆಂಚಿನಲ್ಲಿ ಒಂದು ತಾಸು ಕೂತು, ಬಸ್ಸು ಹಿಡಿದು ಮರಳುತ್ತಾಳೆ.

ಅದು ನಮ್ಮವ್ವ. ಖಾಲಿ ಚೀಲ, ಅದರ ತಳದಲ್ಲಿ ಕೊಟ್ಟೂರಿನ ಬಸ್ ಟಿಕೆಟ್ — ನನ್ನ ದಿನಚರಿಯಲ್ಲಿ ನಾಲ್ಕು ಸಲ ದಾಖಲಾಗಿದೆ. ನಾನು ಒಮ್ಮೆಯೂ ಕೇಳಿರಲಿಲ್ಲ. ನೀಲಕ್ಕನಿಗೆ ಅವಳು ಹೇಳಿಕೊಂಡಿದ್ದಳು.

ದೃಶ್ಯದಲ್ಲಿ ಕಸ ಗುಡಿಸುವವಳು ಕೇಳುತ್ತಾಳೆ: "ಯಾರಿಗೆ ಕಾಯಾಕತ್ತೀಯವಾ?" ಅದಕ್ಕೆ ಆ ಹೆಂಗಸು ಕೊಟ್ಟ ಉತ್ತರಕ್ಕೆ — ಒಂಬತ್ತೂ ಜನರ ಕೈ ನಿಂತವು. ಗಂಗಮ್ಮನದು. ಅವ್ವನದೂ. ಗೋಡೆಗೆ ಮುಖ ಮಾಡಿ ಕೂತು, ಬರೀ ಮಾತಿನಿಂದ ನೀಲಕ್ಕ ಒಂಬತ್ತು ಜನರನ್ನು ಹಿಡಿದು ನಿಲ್ಲಿಸಿದ್ದರು. ಅಂಥದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಇದು ಟಿವಿಯಲ್ಲಿ ಬಂದರೆ ಓಣಿಯವರು ಅವ್ವನನ್ನು ಗುರುತು ಹಿಡಿಯುತ್ತಾರೆ, ಮನೆ ಬೇಡಾದವಳು ಎನ್ನುತ್ತಾರೆ ಎಂದು ಹೆದರಿ — ಅಲ್ಲ, ಅದಕ್ಕಲ್ಲ. ಅವಳಿಗೆ ಬೇಡವಾದದ್ದು ನಾನೇ ಎಂದು ಅನ್ನಿಸಿತ್ತು. ಸೊನ್ನೆ ಬರೆದೆ.

ನೀಲಕ್ಕ ಚೀಟಿ ನೋಡಿ, ಹಾಳೆಯನ್ನು ನೀರೊಲೆಗೆಂದು ಮಡಚಿದರು. "ಇದಕ್ಕ ನಿಂದ್ರತಾವು ಅಂದ್ಕೊಂಡಿದ್ದೆ ನೋಡು. ಹೋಗ್ಲಿ... ನೀ ಸುಳ್ಳು ಬರಿಯಾಕಿ ಅಲ್ಲ."

ಧಾರಾವಾಹಿ ಬಂತು. ನೂರಾ ನಲವತ್ತು ಕಂತು, ಅವ್ವ ಒಂದೂ ಬಿಡದೆ ನೋಡಿದಳು. ಮುಗಿದ ದಿನ, "ನನ್ನ ಮಾತು ಕತಿಗೆ ಬರಲಿಲ್ಲೇನೋ" ಎಂದಳು.

ಮೊನ್ನೆ ಶುಕ್ರವಾರ ಅವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ತಟ್ಟುತ್ತಿದ್ದ ಕೈ ನಿಂತಿತು. ಆ ಹೆಂಗಸಿನ ಉತ್ತರ ಏನಿತ್ತೆಂದು ಕೇಳಿದೆ — ನಾನು ಕೈಗಳನ್ನು ನೋಡುತ್ತಿದ್ದೆ, ಮಾತು ಕಿವಿಯಲ್ಲಿ ಉಳಿದಿಲ್ಲ.

"ಅದು ನೀಲಮ್ಮ ಬರದಿದ್ದು. ನನ್ನ ಯಾರೂ ಹಂಗ ಕೇಳಿದ್ದಿಲ್ಲ" ಎಂದಳು. "ಕೇಳಿದ್ರ ಇದನ್ನ ಹೇಳ್ತಿದ್ದೆ ಅನ್ನಿಸಿತ್ತು. ಈಗ ಮರ್ತೀನಿ."

ಈ ಬರಹವನ್ನು ಮೊದಲು ನೀಲಕ್ಕನ ಕೈಗೆ ಕೊಡುತ್ತೇನೆ. ಅವರಿಗೆ ಆ ಮಾತು ನೆನಪಿದ್ದರೂ ಕೇಳುವ ಹಕ್ಕು ನನಗಿಲ್ಲ. ದಿನಚರಿಯಲ್ಲಿ ಸೊನ್ನೆಯನ್ನು ಅಳಿಸಿಲ್ಲ. ಪಕ್ಕದಲ್ಲಿ ಒಂಬತ್ತು ಎಂದು ಬರೆದಿದ್ದೇನೆ.

ಗಂಗಮ್ಮ ಈಗಿಲ್ಲ. ಅಂದು ಪಡಸಾಲೆಯಲ್ಲಿದ್ದ ಉಳಿದ ಏಳು ಜನ ಕೂಡ್ಲಿಗಿ, ಹರಪನಹಳ್ಳಿ ಎಂದು ಚದುರಿದ್ದಾರೆ. ಬೆಂಚಿನ ಮೇಲಿನ ಹೆಂಗಸು ಏನೆಂದಳೆಂದು ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ನೆನಪಿದ್ದರೆ, ಅರ್ಧ ಮಾತಾದರೂ ಸರಿ, ದಯವಿಟ್ಟು ಬರೆದು ತಿಳಿಸಿ. ನನ್ನ ಬಳಿ ಎಣಿಕೆ ಮಾತ್ರ ಇದೆ.