ಹತ್ತಿಯನ್ನು ಎತ್ತಿದ ಮರುದಿನ

ಲೋಕದಲ್ಲಿ ಎತ್ತಬೇಕಾದ ವಸ್ತುಗಳಿಗೆಲ್ಲ ಹಿಡಿಯಲು ಒಂದು ಜಾಗವಿರುತ್ತದೆ. ಕೊಡಕ್ಕೆ ಕಂಠವಿದೆ, ಚೀಲಕ್ಕೆ ಕಿವಿಯಿದೆ, ಪೆಟ್ಟಿಗೆಗೆ ಹಿಡಿಕೆಯಿದೆ. ಹಸುಗೂಸಿಗೂ ಕಂಕುಳೆಂಬ ಸೌಕರ್ಯವುಂಟು. ದೊಡ್ಡ ಬೆಕ್ಕಿಗೆ ಮಾತ್ರ ಸೃಷ್ಟಿಕರ್ತನು ಇಂಥ ಯಾವ ಅನುಕೂಲವನ್ನೂ ಕಲ್ಪಿಸಿಲ್ಲ. ಮುಂಗಾಲಿನ ಕೆಳಗೆ ಕೈಹಾಕಿ ಎತ್ತಿದರೆ ಹಿಂದಿನ ಅರ್ಧ ನೆಲದಲ್ಲೇ ಉಳಿದು, ಅದು ಹಿಂಡದೆ ಒಣಹಾಕಿದ ಪಂಚೆಯಂತೆ ಉದ್ದವಾಗುತ್ತ ಹೋಗುತ್ತದೆ. ನಡುವಿಗೆ ಕೈಹಾಕಿದರೆ ಎರಡೂ ಕಡೆಯಿಂದ ಜಾರುತ್ತದೆ. ಎತ್ತಿದವನ ಬೆನ್ನು, ಮಣಿಕಟ್ಟು, ಮೂಗು, ಕೆಲವೊಮ್ಮೆ ಮರ್ಯಾದೆ, ಎಲ್ಲವೂ ಆ ಕ್ಷಣದಲ್ಲಿ ಬೆಕ್ಕಿನ ಕೃಪೆಯಲ್ಲಿರುತ್ತವೆ.

ನಮ್ಮ ಮನೆಯ ಬೆಕ್ಕಿನ ಹೆಸರು ಹತ್ತಿ. ದಾವಣಗೆರೆಯ ಗಿರಣಿಗಳ ಸೈರನ್ ಕೇಳಿ ಬೆಳೆದ ನನಗೆ, ಅಂಗೈಯಗಲದ ಆ ಬಿಳಿಯ ಮರಿಯನ್ನು ಕಂಡೊಡನೆ ಬೇರೆ ಹೆಸರು ಹೊಳೆಯಲೇ ಇಲ್ಲ. ಈಗ ಅದು ಅರಳೆಯಲ್ಲ, ಗಿರಣಿಯ ಬಾಗಿಲಿಗೆ ಲಾರಿಯಲ್ಲಿ ಬಂದಿಳಿಯುತ್ತಿದ್ದ, ಬಿಗಿದು ಕಟ್ಟಿದ ಭಾರೀ ಅಂಡಿಗೆ. ಹತ್ತಿ ಎಂಬ ಶಬ್ದಕ್ಕೆ ‘ಏರಿ’ ಎಂಬ ಅರ್ಥವೂ ಉಂಟೆಂಬುದನ್ನು, ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ನಾಮಕರಣದ ಹೊತ್ತಿನಲ್ಲಿ ಮರೆತಿದ್ದೆ, ಬೆಕ್ಕು ಮರೆಯಲಿಲ್ಲ. ಕಪಾಟು, ಫ್ರಿಜ್ಜು, ಪೂಜೆಯ ಗೂಡು, ಅದು ಏರದ ಶಿಖರವಿಲ್ಲ.

ಒಮ್ಮೆ ಅದನ್ನು ಎತ್ತಲು ಹೋಗಿ ನನ್ನ ಹೆಂಡತಿ ಗಿರಿಜೆಯ ಮಣಿಕಟ್ಟು ಉಳುಕಿತು. ಕ್ರೇಪ್ ಬ್ಯಾಂಡೇಜು ಬಿಚ್ಚಿದ ದಿನವೇ ಆಕೆ ಮನೆಗೊಂದು ಶಾಸನ ಹೊರಡಿಸಿದಳು: “ಇನ್ಮ್ಯಾಲೆ ಯಾರೂ ಅದನ್ನ ಎತ್ತಬ್ಯಾಡ್ರಿ. ಅದಕ್ಕೂ ಕಾಲು ಅದಾವು.”

ಹೀಗಿರಲು ಒಂದು ದಿನ, ಗಿರಿಜೆ ತರಕಾರಿಗೆಂದು ಹೋಗಿದ್ದಾಗ, ಪಕ್ಕದ ಮನೆಯವರು ಗೋಡೆಗೆ ಡ್ರಿಲ್ಲಿಂಗ್ ಯಂತ್ರ ಹಚ್ಚಿದರು. ಆ ಭೀಕರ ನಾದಕ್ಕೆ ಹೆದರಿದ ಹತ್ತಿ ಬೀರುವಿನ ನೆತ್ತಿಯೇರಿ, ಸೂಟ್‌ಕೇಸಿನ ಹಿಂದೆ ಅಡಗಿ, ಕರುಳು ಹಿಂಡುವ ಸ್ವರದಲ್ಲಿ ಕೂಗತೊಡಗಿತು. ಶಾಸನಕ್ಕಿಂತ ಕರುಣೆ ದೊಡ್ಡದೆಂದು ತೀರ್ಮಾನಿಸಿ ನಾನು ಸ್ಟೂಲು ಹತ್ತಿದೆ. ಬಲಗೈಯಲ್ಲಿ ಬೀರುವನ್ನು ಹಿಡಿದು, ಎಡಗೈಯಲ್ಲಿ ಬೆಕ್ಕನ್ನು ಎದೆಗೊತ್ತಿಕೊಂಡು, ಇನ್ನೇನು ಇಳಿಯಬೇಕು, ಯಂತ್ರ ಮತ್ತೆ ಗರ್ಜಿಸಿತು. ಹತ್ತಿ ನನ್ನ ಎದೆಯನ್ನೇ ಮೆಟ್ಟಿಲಾಗಿಸಿಕೊಂಡು ಹಿಂಗಾಲಿನಿಂದ ಒದ್ದು ಪುನಃ ಬೀರುವಿನ ಮೇಲಕ್ಕೆ ನೆಗೆಯಿತು. ಪಕ್ಕೆಲುಬಿನ ನಡುವೆ ಏನೋ ಚಳಕ್ಕೆಂದಿತು. ನಾನು ಇಳಿದು, ಅಂಗಿಯ ಗುಂಡಿ ಹಾಕಿಕೊಂಡು, ಗಿರಿಜೆ ಬರುವ ವೇಳೆಗೆ ಪೇಪರು ಓದುತ್ತ ಕುಳಿತಿದ್ದೆ.

ಮರುದಿನ ಹರಿಹರದಲ್ಲಿ ಗಿರಿಜೆಯ ತಮ್ಮ ರುದ್ರೇಶನ ಮನೆಯಲ್ಲಿ ಹೋಳಿಗೆ ಊಟ. ಎರಡನೆಯ ಹೋಳಿಗೆಗೆ ತುಪ್ಪ ಬೀಳುತ್ತಿರುವಾಗ, ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಚಾಚಿದೆ, ಅಷ್ಟೆ. ಎದೆಯ ಎಡಭಾಗದಲ್ಲಿ ಚೂರಿ ತಿವಿದಂತಾಗಿ, ನೋವು ಎಡತೋಳಿಗೆ ಹರಿಯಿತು. ಮಾತು ನಿಂತಿತು, ಮೈ ಬೆವರಿತು.

ಇಲ್ಲಿ ಓದುಗರಿಗೊಂದು ಸಂಗತಿ ಹೇಳಬೇಕು. ನನ್ನ ತಂದೆ, ಹೆಚ್ಚುಕಡಿಮೆ ಇದೇ ವಯಸ್ಸಿನಲ್ಲಿ, ಹೀಗೆಯೇ ಊಟಕ್ಕೆ ಕುಳಿತವರು ಎದೆ ಹಿಡಿದುಕೊಂಡು ಒರಗಿದ್ದರು, ಮತ್ತೆ ಏಳಲಿಲ್ಲ. ಆಗ ಅವರಿಗೆ ಸಾರು ಬಡಿಸುತ್ತಿದ್ದವಳು ಹೊಸ ಸೊಸೆಯಾದ ಗಿರಿಜೆ. ಹಾಗಾಗಿ ನನ್ನ ಮುಖ ನೋಡಿದೊಡನೆ ಅವಳು ತುಪ್ಪದ ಗಿಂಡಿಯನ್ನು ಕೆಳಗಿಟ್ಟು, “ರುದ್ರೇಶ, ಗಾಡಿ ತೆಗಿ” ಎಂದಳು.

ಹಿಂದಿನ ದಿನದ ಸ್ಟೂಲು ನನಗೆ ನೆನಪಾಗದೆ ಇರಲಿಲ್ಲ. ಆದರೆ ಎರಡು ಕಾರಣಗಳು ಎದುರಿಗಿದ್ದಾಗ ಭಯವು ಯಾವಾಗಲೂ ದೊಡ್ಡದನ್ನೇ ಆರಿಸಿಕೊಳ್ಳುತ್ತದೆ. ಕಾರು ದಾವಣಗೆರೆಯ ಕಡೆಗೆ ಹಾರುತ್ತಿತ್ತು. ಒಂದು ಕಡೆ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರಿಂದ ನಿಧಾನಿಸಬೇಕಾದಾಗ ರುದ್ರೇಶ ಜೋಳವನ್ನೂ, ಜೋಳ ಬೆಳೆದವರನ್ನೂ, ರಸ್ತೆ ಮಾಡಿದವರನ್ನೂ ಬೈದ. ಗಿರಿಜೆ ನನ್ನ ಕೈ ಹಿಡಿದು, “ನಿಧಾನ ಉಸಿರು ಬಿಡ್ರಿ. ಏನೂ ಆಗಲ್ಲ” ಎಂದು ಒಂದೇ ಸಮನೆ, ಒಂದೇ ದನಿಯಲ್ಲಿ ಹೇಳುತ್ತಿದ್ದಳು.

ಅಂತ್ಯಕಾಲದಲ್ಲಿ ಮಹಾಪುರುಷರು ಮಹಾವಾಕ್ಯಗಳನ್ನು ನುಡಿಯುತ್ತಾರಂತೆ. ನನಗೆ ಹೊಳೆದದ್ದು, ಬೆಳಗಿನ ಗಡಿಬಿಡಿಯಲ್ಲಿ ಬೆಕ್ಕಿಗೆ ಅನ್ನ ಕಲಸಿಡುವುದನ್ನು ಮರೆತೆನೆಂಬುದು. “ಹತ್ತಿ...” ಎಂದೆ. ಉಸಿರು ಸಾಲದೆ ಅಷ್ಟಕ್ಕೇ ನಿಲ್ಲಿಸಿ ಮತ್ತೊಮ್ಮೆ, “ಹತ್ತಿ...” ಎಂದೆ.

ಸತ್ತವರ ಮೂಗಿಗೆ ಹತ್ತಿಯಿಡುವ ಸಂಪ್ರದಾಯ ರುದ್ರೇಶನಿಗೆ ನೆನಪಾಗಿರಬೇಕು. ಸ್ಟಿಯರಿಂಗು ನಡುಗಿತು. “ಭಾವ, ಅಂಥ ಮಾತು ಆಡಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ!” ಎಂದು ಅಳುವ ದನಿಯಲ್ಲಿ ಕೂಗಿದ.

“ಬೆಕ್ಕಿನ ವಿಷ್ಯ ಹೇಳ್ತಾರೆ ಕಣೋ. ನೀ ರಸ್ತೆ ನೋಡಿ ಓಡ್ಸು” ಎಂದಳು ಗಿರಿಜೆ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿದರು, ರಕ್ತ ತೆಗೆದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡನ್ನೂ ಮಾಡಿದರು. ವೈದ್ಯೆ ಕಿರಿಯ ವಯಸ್ಸಿನ ಶಾಂತ ಹೆಣ್ಣುಮಗಳು. ಕಾಗದಗಳನ್ನೆಲ್ಲ ನೋಡಿ ಮುಗಿಸಿ, ನನ್ನ ಪಕ್ಕೆಲುಬಿನ ಮೇಲೆ ಒಂದು ಬೆರಳಿಟ್ಟು ಒತ್ತಿದಳು. ನಾನು “ಅಯ್ಯಯ್ಯೋ!” ಎಂದು ಚೀರಿದೆ. ಆಕೆಯ ಮುಖ ಅರಳಿತು. ನನ್ನ ಆರ್ತನಾದದಿಂದ ಯಾರಿಗಾದರೂ ಅಷ್ಟು ಸಂತೋಷವಾದದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ಹಾರ್ಟು ಚೆನ್ನಾಗೈತೆ ಸರ್. ಇದು ಸ್ನಾಯು ನೋವು. ನಿನ್ನೆ ಮೊನ್ನೆ ಏನಾದ್ರೂ ಭಾರ ಎತ್ತಿದ್ರಾ?”

ಹೃದ್ರೋಗ ವಿಭಾಗದ ಗಾಂಭೀರ್ಯದಲ್ಲಿ ಬೆಕ್ಕು ಎಂಬ ಶಬ್ದವನ್ನು ಉಚ್ಚರಿಸಲು ನನ್ನ ನಾಲಿಗೆ ಹೊರಳಲಿಲ್ಲ. “ಇಲ್ಲ” ಎಂದೆ. ಆದರೆ ಇಸಿಜಿಗಾಗಿ ಅಂಗಿ ಬಿಚ್ಚಿದ್ದ ಎದೆಯ ಮೇಲೆ, ಸಾಲಾಗಿ ಎಳೆದ ಉಗುರಿನ ಕೆಂಪು ಗೀರುಗಳನ್ನು ಗಿರಿಜೆ ಆಗಲೇ ನೋಡುತ್ತಿದ್ದಳು.

“ಹತ್ತೀನ ಎತ್ತಿದ್ರಾ?”

ವೈದ್ಯೆಗೆ ತಿಳಿಯಲಿಲ್ಲ. “ಹತ್ತಿ ಎತ್ತಿದ್ರೆ ಹಿಂಗಾಗಲ್ಲಮ್ಮ” ಎಂದಳು. ಬೆಕ್ಕಿನ ಹೆಸರು, ಗಾತ್ರ, ಸ್ವಭಾವಗಳನ್ನು ರುದ್ರೇಶ ವಿವರಿಸಿದ ಮೇಲೆ ಆಕೆ ನಗುವನ್ನು ತುಟಿಯಲ್ಲೇ ಹಿಡಿದು, “ಇಂಜೆಕ್ಷನ್ ಹಾಕ್ಸೀರಾ?” ಎಂದು ಕೇಳಿದಳು.

“ಬೆಕ್ಕಿಗೆ ಎಲ್ಲಾ ಹಾಕ್ಸೀವಿ” ಎಂದಳು ಗಿರಿಜೆ. “ಇವ್ರಿಗೇ ಹಾಕ್ಸಿಲ್ಲ.”

ನನಗೆ ಹಾಕಬೇಕಾದ್ದನ್ನು ಹಾಕಿದರು. ಭಾರ ಎತ್ತಬಾರದು, ಮುಲಾಮು ಹಚ್ಚಬೇಕು, ಗಾಯದ ಚುಚ್ಚುಮದ್ದಿಗೆ ಮತ್ತೆ ಬರಬೇಕು ಎಂದರು. ಕಾರಿಡಾರಿನಲ್ಲಿ ರುದ್ರೇಶ ಮನೆಗೆ ಫೋನು ಮಾಡಿ, “ಹಾರ್ಟಲ್ಲ ಕಣೇ, ಬೆಕ್ಕು! ಬೆಕ್ಕು!” ಎಂದು ಕೂಗುತ್ತಿದ್ದ, ಬೆಂಚಿನ ಮೇಲೆ ಸರದಿಗೆ ಕಾದವರು ಇದ್ಯಾವ ಹೊಸ ಕಾಯಿಲೆಯೋ ಎಂದು ನನ್ನನ್ನು ದಿಟ್ಟಿಸಿದರು. ನಾನು ಹಗುರಾಗಿ ನಗುತ್ತ ಗಿರಿಜೆಯ ಕಡೆ ತಿರುಗಿದೆ.

ಆಕೆ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಹೆಗಲು ಅಲುಗುತ್ತಿತ್ತು. ಹರಿಹರದಿಂದ ಇಲ್ಲಿಯತನಕ ಒಂದು ಹನಿ ಕಣ್ಣೀರು ಹಾಕದವಳು, ಏನೂ ಆಗಿಲ್ಲವೆಂದು ತಿಳಿದ ಮೇಲೆ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಆ ಇಡೀ ದಾರಿ ಆಕೆ ಹೊತ್ತುಕೊಂಡು ಬಂದದ್ದು ಎಷ್ಟು ಭಾರವಿತ್ತೆಂದು ನನಗೆ ತಿಳಿದದ್ದು, ಆಕೆ ಅದನ್ನು ಕೆಳಗಿಳಿಸಿದಾಗ. ಹತ್ತಿರ ಹೋಗಿ ನಿಂತೆ. “ಮಾತಾಡ್ಸಬ್ಯಾಡ್ರಿ” ಎಂದಳು, ಆದರೆ ನನ್ನ ತೋಳನ್ನು ಹಿಡಿದವಳು ಬಿಡಲಿಲ್ಲ. ಅದು ನೋಯುವ ತೋಳೇ ಆಗಿತ್ತು. ನಾನೂ ಬಿಡಿಸಿಕೊಳ್ಳಲಿಲ್ಲ.

ರುದ್ರೇಶ ನಮ್ಮನ್ನು ಮನೆಗೆ ಬಿಟ್ಟುಹೋದಾಗ ಸಂಜೆಯಾಗುತ್ತಿತ್ತು. ಬಾಗಿಲಲ್ಲೇ ಎದುರಾದ ಬೆಕ್ಕನ್ನು ಗಿರಿಜೆ ಹೆಸರು ಹಿಡಿದು, ನನಗೆ ಬಯ್ಯಬೇಕಾದ್ದನ್ನೆಲ್ಲ ಅದಕ್ಕೇ ಸೇರಿಸಿ ಬೈದಳು. ಬೈಯುತ್ತಲೇ ಅದಕ್ಕೆ ಹಾಲು ಅನ್ನ ಕಲಸಿಟ್ಟಳು. ಆಗ ನನಗೆ ಥಟ್ಟನೆ ಹೊಳೆಯಿತು: ಹರಿಹರದಲ್ಲಿ ಎಲ್ಲರಿಗೂ ಬಡಿಸುತ್ತಿದ್ದವಳು ತಾನು ಉಂಡೇ ಇರಲಿಲ್ಲ. ನಾನು ಒಳಗೆ ಹೋಗಿ, ಬಲಗೈಯೊಂದರಲ್ಲೇ ನಿನ್ನೆಯ ಸಾರು ಬಿಸಿ ಮಾಡಿ, ತಟ್ಟೆ ಹಾಕಿದೆ.

“ಭಾರ ಎತ್ತಬ್ಯಾಡ ಅಂದಾರಲ್ರಿ.”

“ಸೌಟು ಭಾರ ಅಲ್ಲ, ಕೂಡು” ಎಂದೆ.

ಕೂತಳು. ಎರಡು ತುತ್ತು ಉಂಡು, “ಸಾರು ಹಳಸೈತೆ” ಎಂದಳು. ಪೂರ್ತಿ ಉಂಡಳು.