ರೈಟರು ಅಳೆದ ನೀರು

ಹೋದ ವಾರ ಅಂಚೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಮುಚ್ಚಳ ತೆಗೆದ ಕೂಡಲೇ ತೆಂಗಿನ ನಾರಿನ ಹಗ್ಗದ ವಾಸನೆ ಮೂಗಿಗೆ ಹೊಡೆಯಿತು. ವರ್ಷಗಟ್ಟಲೆ ಬಾವಿಗೆ ಇಳಿದು ಹತ್ತಿದ ಹಗ್ಗವನ್ನು ಎಷ್ಟು ಒಣಗಿಸಿದರೂ ಆ ಪಾಚಿಯ ವಾಸನೆ ಹೋಗುವುದಿಲ್ಲ. ತುದಿಗೆ ಕಟ್ಟಿದ್ದ ಉರುಟು ಕಲ್ಲೂ ಹಾಗೆಯೇ ಇತ್ತು. ಅಡಿಯಲ್ಲಿ ಹನ್ನೊಂದು ನೋಟುಪುಸ್ತಕ, ಮೇಲೊಂದು ಚೀಟಿ. ಅಪ್ಪ ತೀರಿಕೊಂಡರು, ಇದನ್ನು ನಿಮಗೇ ತಲುಪಿಸಬೇಕು ಅಂದಿದ್ದರು ಎಂದು ಮಗಳು ಬರೆದಿದ್ದರು.

ಆ ಅಪ್ಪ, ಬಣಕಲ್ಲಿನಿಂದ ಮೇಲಕ್ಕೆ ಹತ್ತಿದರೆ ಸಿಗುವ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದವರು. ಅವರ ಹೆಸರು ಹಿಡಿದು ಕರೆದವರನ್ನು ನಾನು ಕಾಣಲಿಲ್ಲ, ಎಲ್ಲರಿಗೂ ರೈಟರೇ. ಕಾಫಿ ಗಿಡಗಳ ನಡುವೆ ಹೊರಟರೆ ಟೋಪಿ ಮಾತ್ರ ಕಾಣುವಷ್ಟು ಗಿಡ್ಡ ಮನುಷ್ಯ. ದಿನಾ ಬೆಳಿಗ್ಗೆ ಮಳೆಯನ್ನು ಇಂಚು, ಸೆಂಟು ಎಂದು ಬರೆಯುವುದು ಅವರ ಕೆಲಸ. ಸೋಮವಾರಕ್ಕೊಮ್ಮೆ ಬಾವಿಗೆ ಹಗ್ಗ ಬಿಟ್ಟು, ನೀರು ಎಷ್ಟು ಮಾರು ಕೆಳಗಿದೆ ಎಂದು ಬರೆಯುವುದು ಅವರದೇ ಹುಚ್ಚು. ಯಾಕೆ ಎಂದು ಒಮ್ಮೆ ಕೇಳಿದ್ದೆ. ಮಳೆ ಬಂದದ್ದು ಎಲ್ಲರಿಗೂ ಕಾಣ್ತದೆ, ಉಳಿದದ್ದು ಯಾರಾದರೂ ನೋಡಬೇಕಲ್ಲ ಎಂದಿದ್ದರು.

ನಾನಾಗ ಚಿಕ್ಕಮಗಳೂರಿನಲ್ಲಿ ರೂಮು ಮಾಡಿಕೊಂಡು, ಅದಿರು ಹುಡುಕುವ ಒಂದು ಕಂಪನಿಗೆ ಕಂಪ್ಯೂಟರ್ ಮಾದರಿ ಮಾಡಿಕೊಡುತ್ತಿದ್ದೆ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗಿನ ಬಿಸಿನೀರು ತಾಮ್ರವನ್ನು ಕರಗಿಸಿಕೊಂಡು ಬಂಡೆಯ ಬಿರುಕುಗಳಲ್ಲಿ ಮೇಲೇರಿ, ತಣ್ಣಗಾದಲ್ಲಿ ಅದನ್ನು ಬಿಟ್ಟು ಹೋಗಿರುತ್ತದೆ. ಎಲ್ಲಿ ಬಿಟ್ಟಿತು ಎಂದು ಹುಡುಕಬೇಕಾದರೆ ಇಡೀ ಗುಡ್ಡವನ್ನು ಕಂಪ್ಯೂಟರಿನೊಳಗೆ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಯಾವ ಚೌಕದಿಂದ ಯಾವುದಕ್ಕೆ ನೀರು ದಾಟೀತು ಎಂದು ಲೆಕ್ಕ ಹಾಕಬೇಕು. ಆದರೆ ಇವತ್ತಿನ ತಣ್ಣೀರಿನ ದಾರಿಯನ್ನೇ ಸರಿಯಾಗಿ ತೋರಿಸದ ಮಾದರಿ ಅಂದಿನ ಬಿಸಿನೀರಿನ ದಾರಿ ಏನು ತೋರಿಸೀತು? ಅದಕ್ಕೇ ನನಗೆ ಹಳೆಯ ನೀರಿನ ಮಟ್ಟಗಳು ಬೇಕಿದ್ದವು. ಇಡೀ ಸೀಮೆಯಲ್ಲಿ ಅವು ಇದ್ದದ್ದು ರೈಟರ ಪುಸ್ತಕದಲ್ಲಿ ಮಾತ್ರ.

ಜಡಿಮಳೆಯ ಕಾಲ. ಜಿಗಣೆಗೆ ಹೆದರಿ ನಾನು ಬಾವಿಯ ಹತ್ತಿರವೂ ಸುಳಿಯಲಿಲ್ಲ. ಅವರ ಮನೆಯ ಜಗಲಿಯಲ್ಲಿ ಕೂತು, ಅವರ ಹೆಂಡತಿ ಕೊಟ್ಟ ಕಾಫಿ ಕುಡಿಯುತ್ತ ಅಂಕಿಗಳನ್ನು ಇಳಿಸಿಕೊಂಡೆ. ಮಾರು ಎಂದರೆ ಆರಡಿ, ಶಾಲೆಯಲ್ಲೇ ಕಲಿತದ್ದು. ಬೇಸಿಗೆಯ ಒಂಬತ್ತು ಮಾರು ಐವತ್ತನಾಲ್ಕು ಅಡಿಯಾಯಿತು.

ಗುಡ್ಡದ ಬುಡದಲ್ಲೊಂದು ಒರತೆ ಇತ್ತು. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹತ್ತು ಸಂಸಾರಕ್ಕೂ ರೈಟರ ಮನೆಗೂ ಕುಡಿಯುವ ನೀರು ಅದೇ. ಎಸ್ಟೇಟಿನ ಬಾವಿ ಬಂಗಲೆಗೆ ಮಾತ್ರ. ಕಂಪನಿಯವರು ಬೋರು ಹಾಕಿ ನೋಡುತ್ತಾರೆಂದಾಗ ಜನ ಹೆದರಿದ್ದು ಈ ಒರತೆಗಾಗಿ. ರೈಟರು ನನ್ನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಕೇಳಿದರು.

"ನೀರಿಗೆ ಎಂತದೂ ಆಗಲ್ಲ ಅಲ್ವ ಸಾರ್?"

ನನ್ನ ಮಾದರಿ ಏನೂ ಆಗುವುದಿಲ್ಲ ಎನ್ನುತ್ತಿತ್ತು. ಒರತೆಯ ಬಾಯಿ ಬಾವಿಕಟ್ಟೆಗಿಂತ ಐವತ್ತು ಅಡಿ ತಗ್ಗಿನಲ್ಲಿದೆ ಎಂದು ಸರ್ವೆಯವರು ಅಳೆದಿದ್ದರು. ಬೇಸಿಗೆಯಲ್ಲಿ ಬಾವಿಯ ನೀರು, ಅಂದರೆ ಬಂಡೆಯೊಳಗಿನ ನೀರು, ಅದಕ್ಕೂ ನಾಲ್ಕಡಿ ಕೆಳಗೆ. ನೀರು ಮೇಲಕ್ಕೆ ಹತ್ತುವುದಿಲ್ಲವಲ್ಲ! ಅಂದಮೇಲೆ ಒರತೆಗೂ ಬಂಡೆಯ ಬಿರುಕಿಗೂ ಸಂಬಂಧವಿಲ್ಲ, ಅದು ಮೇಲ್ಮಣ್ಣಿನ ಬಸಿ ನೀರು. ನಾನು ಎದೆಯುಬ್ಬಿಸಿ ಹೇಳಿದೆ. ಪಂಚಾಯಿತಿ ಸಭೆಯಲ್ಲಿ ರೈಟರು ಎದ್ದು ನಿಂತು, ಸಾರ್ ಕಂಪ್ಯೂಟರಲ್ಲಿ ನೋಡಿದಾರೆ, ನಮ್ಮ ಬಾವಿ ಲೆಕ್ಕ ಹಾಕಿಯೇ ನೋಡಿದಾರೆ ಎಂದರು. ಅವರ ಮಾತಿನ ಮೇಲೆ ಜನ ಒಪ್ಪಿಕೊಂಡರು.

ಒರತೆಗಿಂತಲೂ ತಗ್ಗಿನಲ್ಲಿ ಹಾಕಿದ ಬೋರು ಬಿರುಕಿಗೆ ತಾಗಿದ ದಿನ ನೀರು ಆಳೆತ್ತರ ಚಿಮ್ಮಿತು. ರಿಗ್ಗಿನ ಕೆಲಸಗಾರರು ಅದರಡಿ ನಿಂತು ಮಿಂದರು. ಇಪ್ಪತ್ತು ದಿನಕ್ಕೆ ಒರತೆ ಸಣ್ಣಗಾಯಿತು, ಆಮೇಲೆ ಹನಿ, ಆಮೇಲೆ ಅದೂ ಇಲ್ಲ... ಅದಿರಾದರೂ ಸಿಕ್ಕಿತೇ ಎಂದರೆ, ಬೆಟ್ಟ ಅಗೆದು ಇಲಿ ಹಿಡಿದ ಕತೆ. ಬೆಣಚುಕಲ್ಲಿನ ಎಳೆಯಲ್ಲಿ ತಾಮ್ರದ ಅದಿರಿನ ನಾಲ್ಕು ಹಳದಿ ಚುಕ್ಕೆ. ಕಂಪನಿ ಬೋರಿಗೆ ಸಿಮೆಂಟು ತುಂಬಿ ಹೊರಟುಹೋಯಿತು. ಒಳಗೆ ಬೇರೆ ದಾರಿ ಕಂಡುಕೊಂಡ ನೀರು ಮಾತ್ರ ಹಿಂದೆ ಬರಲಿಲ್ಲ.

ಒರತೆ ಬತ್ತಿದ ಮೇಲೆ ನಾನು ಅಲ್ಲಿಗೆ ಹೋದದ್ದು ಒಂದು ಸೋಮವಾರ. ರೈಟರು ಬಾವಿಯ ಹತ್ತಿರವಿದ್ದರು. ಕಲ್ಲು ನೀರಿಗೆ ತಾಗಿದ ಮೇಲೆ ಹಗ್ಗವನ್ನು ಮೇಲಕ್ಕೆಳೆದು, ಎರಡೂ ಕೈ ಚಾಚಿ, ಎದೆಯ ಮುಂದೆ ಹಿಡಿದು ಒಂದು ಎಂದರು. ಮತ್ತೆ ಎಳೆದು ಎರಡು. ನಾನು ಆ ಗಿಡ್ಡ ಕೈಗಳನ್ನೇ ನೋಡುತ್ತ ನಿಂತೆ. ಜೇಬಿನ ಟೇಪು ತೆಗೆದು, ಅವರು ಹಿಡಿದಿದ್ದ ಹಗ್ಗಕ್ಕೆ ಇಟ್ಟು ನೋಡಿದೆ. ಸರಿಯಾಗಿ ಐದಡಿ.

"ಇದೇನಾ ನಿಮ್ಮ ಮಾರು?" ಎಂದೆ.

"ನನ್ನ ಪುಸ್ತಕಕ್ಕೆ ನನ್ನ ಮಾರೇ ಅಲ್ವ ಸಾರ್, ಇನ್ಯಾರ್ದು?"

ಒಂಬತ್ತು ಐದಲಿ ನಲವತ್ತೈದು. ಒರತೆ ಐವತ್ತರಲ್ಲಿ, ನೀರು ಇದ್ದದ್ದು ಅದಕ್ಕಿಂತ ಮೇಲೆ. ಬಿರುಕಿನ ನೀರೇ ಒರತೆಯ ನೀರು. ಮೂರನೇ ಕ್ಲಾಸಿನ ಮಗ್ಗಿ.

ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಅವರೇ ಹಗ್ಗ ಸುತ್ತುತ್ತ, ನನಗೆ ಸಮಾಧಾನ ಮಾಡುವ ಧ್ವನಿಯಲ್ಲಿ ಹೇಳಿದರು:

"ನೀವು ಬೇಜಾರು ಮಾಡ್ಕಬೇಡಿ ಸಾರ್. ನಾನೇ ಎಲ್ಲೋ ಎಣಿಸಿದ್ದು ತಪ್ಪಿರ್ತೀನಿ. ಕಂಪ್ಯೂಟರ್ ತಪ್ಪಲ್ಲ."

ನಾನು ಟೇಪನ್ನು ಜೇಬಿಗೆ ಹಾಕಿಕೊಂಡೆ. ಲೈನಿನ ಹೆಂಗಸರು ಕೊಡ ಹೊತ್ತು ಹಳ್ಳದಿಂದ ಹತ್ತಿ ಬರುತ್ತಿದ್ದರು, ರೈಟರು ಅವರಿಗೆ ದಾರಿ ಬಿಟ್ಟು, ತಲೆ ತಗ್ಗಿಸಿ ನಿಂತರು. ಅವರಲ್ಲಿ ಒಬ್ಬಳೂ ರೈಟರನ್ನು ಮಾತನಾಡಿಸಲಿಲ್ಲ. ಕೆಲಸದ ಒತ್ತಡ, ರಿಪೋರ್ಟು, ಕಂಪನಿಯ ಭಯ... ಆಮೇಲೆ ನಾನು ಹೇಳಿಕೊಂಡ ನೆಪಗಳನ್ನು ಬರೆದರೆ ಇನ್ನೊಂದು ಪುಸ್ತಕವಾದೀತು. ಮರುದಿನ ಐದಡಿಯ ಲೆಕ್ಕ ಕೊಟ್ಟು ಮಾದರಿಯನ್ನು ಓಡಿಸಿದೆ. ಪರದೆಯ ಮೇಲೆ ಒರತೆ ಚೆನ್ನಾಗಿ ಹರಿಯಿತು. ಬೋರು ಹಾಕಿದೊಡನೆ ಬತ್ತಿತು.

ಈಗ ಆ ಹನ್ನೊಂದು ಪುಸ್ತಕಗಳೂ ನನ್ನ ಮೇಜಿನ ಮೇಲಿವೆ. ಮಳೆಯ ಸಾಲುಗಳು ಹಾಗೇ ಇವೆ. ಬಾವಿಯ ಅಂಕಿಗಳ ಮೇಲೆ ಮಾತ್ರ, ಮೊದಲ ಪುಸ್ತಕದಿಂದ ಕೊನೆಯದರವರೆಗೆ, ಒಂದೊಂದರ ಮೇಲೂ ಸ್ಕೇಲಿಟ್ಟು ಕೆಂಪು ಪೆನ್ಸಿಲಿನಲ್ಲಿ ಗೀಟು ಎಳೆದಿದ್ದಾರೆ. ಕೊನೆಯ ಹಾಳೆಯಲ್ಲಿ ಅವರ ಗುಂಡು ಅಕ್ಷರ: "ಅಳತೆ ತಪ್ಪಾಗಿದೆ. ಸಾರ್ ಅವರು ನೋಡಿ ಸರಿ ಮಾಡಬೇಕು."

ಎಲ್ಲವೂ ಸರಿಯಿತ್ತು, ರೈಟರೇ. ಇದನ್ನು ಹೇಳಲು ನನಗೆ ನಾಲ್ಕು ವರ್ಷ ಇತ್ತು.