ಅಪ್ಪನ ಹಿಂದಲೆಗೆ ನನ್ನ ಅಂಗೈ

ಕುಂಬ್ರದ ಕೂಡುರಸ್ತೆಯಲ್ಲಿ ನಮ್ಮ ದಿನಸಿ ಅಂಗಡಿ ಇತ್ತು. ಗಲ್ಲಾಪೆಟ್ಟಿಗೆಯ ಹಿಂದಿನ ಚಾಪೆಯಲ್ಲಿ ಅಪ್ಪ ಕೂರುತ್ತಿದ್ದರು, ಅಂಗಡಿ ಶುರುವಾದಂದಿನಿಂದ ಅಲ್ಲೇ. ಮೂಟೆ ಬಿಚ್ಚುವುದು, ತೂಗುವುದು, ಕಟ್ಟಿಕೊಡುವುದು ನನ್ನ ಪಾಲಿಗೆ. ಆ ಚಾಪೆಯ ಮೇಲೆ ನನಗೂ ಕಣ್ಣಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅಪ್ಪನಿಗೆ ಮಾತ್ರ ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲದವರ ಹಾಗೆ ಇದ್ದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವರ ತಲೆ ಎದೆಯ ಕಡೆ ವಾಲತೊಡಗಿತು. ನೋವು ಅಷ್ಟಾಗಿ ಇರಲಿಲ್ಲ. ತಲೆ ನಿಲ್ಲುತ್ತಿರಲಿಲ್ಲ, ಅಷ್ಟೆ. ಮೊದಲು ಗದ್ದಕ್ಕೆ ಕೈ ಕೊಟ್ಟು ಕೂತರು. ಏನೋ ಭಾರೀ ಯೋಚನೆಯಲ್ಲಿದ್ದಾರೆಂದು ಜನ ಮೆಲ್ಲಗೆ ಮಾತಾಡಿದರು. ಆಮೇಲೆ ಪೆಟ್ಟಿಗೆಯ ಮೇಲೆ ಸೇರು ಕವುಚಿಟ್ಟು ಅದಕ್ಕೆ ಗದ್ದ ಊರಿದರು. ಅಕ್ಕಿ ಅಳೆಯಬೇಕಾದಾಗಲೆಲ್ಲ ನಾನು ಅವರ ತಲೆ ಎತ್ತಿ ಸೇರು ತೆಗೆದುಕೊಳ್ಳಬೇಕಾಯಿತು. ಗಿರಾಕಿಗಳ ಮುಖ ಕಾಣದೆ ಕೈ ನೋಡಿಯೇ ಗುರುತು ಹಿಡಿಯುತ್ತಿದ್ದರು. ಹೊಸ ವಾಚು ಕಟ್ಟಿ ಬಂದ ಸ್ವಂತ ಅಳಿಯನನ್ನು "ನಿಮಗೆ ಎಂತ ಬೇಕು ಮಾರಾಯ್ರೆ?" ಎಂದು ಕೇಳಿದ ಮೇಲೆ, ಅಂಗಡಿಯನ್ನು ಇನ್ನು ಮಗ ನೋಡಿಕೊಳ್ಳಲಿ ಎಂದು ಮನೆಯಲ್ಲಿ ಎಲ್ಲರೂ ಹೇಳತೊಡಗಿದರು. ಅಪ್ಪ ತಡಮಾಡದೆ ನನ್ನನ್ನು ಕರೆದುಕೊಂಡು ಪುತ್ತೂರಿನ ಡಾಕ್ಟರರ ಹತ್ತಿರ ಹೊರಟರು.

ಕುತ್ತಿಗೆಯ ಮೂಳೆಗಳು ಸವೆದಿವೆ, ಹಿಂದಿನ ಸ್ನಾಯುಗಳು ಸೋತಿವೆ ಎಂದರು ಡಾಕ್ಟರು. ಕುತ್ತಿಗೆಗೆ ಒಂದು ಪಟ್ಟಿ ಕೊಟ್ಟು, ಊಟಕ್ಕೆ ಮತ್ತು ಬಸ್ಸಿಗೆ ಮಾತ್ರ ಹಾಕಿ, ಇಡೀ ದಿನ ಹಾಕಿದರೆ ಸ್ನಾಯು ಇನ್ನೂ ಸೋಮಾರಿಯಾಗುತ್ತದೆ ಎಂದರು. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ತೆಗೆಸುವುದು ಬಂದ್. ದಿನಾ ಒಂದು ವ್ಯಾಯಾಮ: ನಾನು ಹಿಂದೆ ನಿಂತು ಹಿಂದಲೆಗೆ ಅಂಗೈ ಒತ್ತಿ ಹಿಡಿಯಬೇಕು, ಅಪ್ಪ ತಲೆಯಿಂದ ಅದನ್ನು ಹಿಂದಕ್ಕೆ ದೂಡಬೇಕು. ಕೈಯೂ ಸರಿಯಬಾರದು, ತಲೆಯೂ ಅಲುಗಬಾರದು. ನಾವಿಬ್ಬರೂ ಎಷ್ಟೋ ವರ್ಷಗಳಿಂದ ಮಾಡಿಕೊಂಡು ಬಂದದ್ದು ಅದನ್ನೇ. ಡಾಕ್ಟರಿಗೆ ಅದನ್ನೆಲ್ಲ ಹೇಳಲು ಹೋಗಲಿಲ್ಲ.

ಅಪ್ಪ ವ್ಯಾಯಾಮಕ್ಕೂ ಚಾಪೆ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಅಂಗಡಿಯ ಹಲಗೆ ತೆಗೆದ ಕೂಡಲೇ ಶುರು. ಮಗ ಹಿಂದೆ ನಿಂತು ಅಪ್ಪನ ತಲೆ ಅದುಮುತ್ತಿರುವುದನ್ನು ಮೊದಲ ಬಸ್ಸಿನವರೆಲ್ಲ ನೋಡಿಕೊಂಡು ಹೋದರು. ಸುದ್ದಿ ಸವಣೂರಿಗೆ ತಲುಪಿ, ಅಲ್ಲಿಂದ ನನ್ನ ಸೋದರಮಾವ ಕೊಡೆ ಹಿಡಿದು ಬಂದರು. ಪ್ರಾಯ ಆದವರ ಮೇಲೆ ಕೈಮಾಡಿ ಅಂಗಡಿ ಹಿಡಿಯಬೇಕಾ ಎಂದು ನನ್ನನ್ನು ವಿಚಾರಿಸಿದರು. ಕೈ ತೆಗೆದು ಮಾತಾಡುವ ಹಾಗೂ ಇರಲಿಲ್ಲ, ಅಪ್ಪ ದೂಡುತ್ತಿದ್ದರು.

"ಅವನು ಒತ್ತಲಿ, ಭಾವ. ನಾನು ಬಿಡುದಿಲ್ಲ" ಎಂದರು ಅಪ್ಪ, ನೆಲ ನೋಡುತ್ತಾ.

ಇದರಿಂದ ಮಾವನ ಸಂಶಯ ಗಟ್ಟಿಯಾಯಿತು. ಚಹಾ ಕುಡಿಯದೆ ಹೋದರು.

ನನಗೆ ಬೇಸರವಾಯಿತು. ತಲೆ ನಿಂತರೆ ಚಾಪೆ ಅವರದ್ದು, ನಿಲ್ಲದಿದ್ದರೆ ನನ್ನದು. ನಿಲ್ಲಿಸುವ ಕೆಲಸವೂ ನನ್ನದೇ. ಆದರೂ ಒಂದು ದಿನವೂ ಕೈ ಸಡಿಲ ಬಿಡಲಿಲ್ಲ. ಅಂಗೈಯ ಕೆಳಗೆ ಆ ಬಿಸಿ ತಲೆ ಕೆಲವೊಮ್ಮೆ ನಡುಗುತ್ತಿತ್ತು. ಆಗ ಅಪ್ಪನ ಮೇಲೆ ಬಹಳ ಪ್ರೀತಿ ಬರುತ್ತಿತ್ತು. ಚಾಪೆ ನೋಡಿದರೆ ಸಿಟ್ಟು ಬರುತ್ತಿತ್ತು. ಎರಡೂ ಒಟ್ಟಿಗೆ ಬಂದು ಕೈಗೆ ಒಳ್ಳೆಯ ಬಲ ಕೊಟ್ಟವು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ, ದೂಡುವುದು ಮುಗಿದು ನಾನು ಕೈ ತೆಗೆದೆ. ತಲೆ ಬೀಳಲಿಲ್ಲ. ಅಪ್ಪ ಇಡೀ ಮೈಯನ್ನೇ ಮೆಲ್ಲ ತಿರುಗಿಸಿ ನನ್ನ ಮುಖ ನೋಡಿದರು. ತುಂಬ ಹೊತ್ತು ನೋಡಿದರು.

"ನಿನ್ನ ಕೂದಲು ಯಾವಾಗ ಬೆಳ್ಳಗಾದ್ದು?"

"ನಿಮ್ಮ ತಲೆ ಬಗ್ಗುವ ಮೊದಲೇ ಆಗಿತ್ತು, ಅಪ್ಪ."

ಅವರು ಪೆಟ್ಟಿಗೆಗೆ ಕೈ ಊರಿ ಚಾಪೆಯಲ್ಲಿ ಸ್ವಲ್ಪ ಸರಿದರು. ಒಬ್ಬ ಕೂರುವಷ್ಟು ಜಾಗ ಆಗಲಿಲ್ಲ. ನಾನು ಕೂತೆ.